ಎತ್ತಿಕೊಂಡ ಹಳದಿ ಬಟ್ಟೆ

"ಆ ಬಟ್ಟೆ ಯಾಕೆ ಎತ್ಕೊಂಡೆ?"

ಮುಖ್ಯ ರೆಫರಿ ಡೆಸ್ಮಂಡ್ ಹೇವರ್‌ಕ್ಯಾಂಪ್ ಕೇಳಿದ್ದು ಇಷ್ಟೇ. ತಲೆಯ ಮೇಲಿನ ಬಿಳಿ ಟೋಪಿಯನ್ನೂ ಅವನಿನ್ನೂ ತೆಗೆದಿರಲಿಲ್ಲ.

ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ ಕೋರ್ವಿನ್ ಟೀಗ್ ತಲೆಯೆತ್ತಿದ. "ಯಾಕೆ ಅಂದ್ರೆ? ನೀವೇ ಹೇಳಿದ್ರಲ್ಲ ಸರ್!"

"ನಾನಾ? ಏನಂತ?"

"'ಎತ್ಕೋ, ಅದು ಫೌಲ್ ಅಲ್ಲ' ಅಂತ. ಕಿವೀಲಿರೋ ರೇಡಿಯೊದಲ್ಲಿ ಹೇಳಿದ್ರಿ."

"ಟೀಗ್, ನಾನು ಬಾಯೇ ಬಿಟ್ಟಿಲ್ಲ."

ಕೋಣೆಯಲ್ಲಿದ್ದ ರೆಫರಿಗಳೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಇವರತ್ತ ತಿರುಗಿದರು. ಹೊರಗೆ ಜನ ಕಬ್ಬಿಣದ ಬೇಲಿಯನ್ನು ಒದೆಯುತ್ತಿದ್ದರು. ಒಂದೊಂದು ಒದೆಗೂ ಗೋಡೆ ನಡುಗುತ್ತಿತ್ತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಟೊಲಿಡೊ ಕ್ರೀಡಾಂಗಣದ ಭದ್ರತೆ ನನ್ನ ಹೊಣೆ. ಹೆಸರು ಗಸ್ ಹದ್ದಾದ್. ಅದಕ್ಕೂ ಮೊದಲು ಇದೇ ಊರಿನ ಪೊಲೀಸ್. ಅದಕ್ಕೂ ಮೊದಲು, ಈಗಲೂ, ಟೊಲಿಡೊ ಪೈಲಟ್ಸ್ ತಂಡದ ಹುಚ್ಚ.

"ಸುಳ್ಳು ಹೇಳ್ಬೇಡಿ ಸರ್," ಟೀಗ್ ಎದ್ದು ನಿಂತ. ಅರ್ಕನ್ಸಾದವನು. ವಾರವಿಡೀ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ, ವಾರದ ಕೊನೆಗೆ ರೆಫರಿ. ಆರಡಿ ಮೀರಿದ ಆಳು. "ನನ್ನ ತಲೆ ಮೇಲೆ ಹಾಕ್ಬೇಡಿ."

"ನಾನೂ ಕೇಳ್ದೆ," ಮೂಲೆಯಿಂದ ಒಂದು ಹೆಣ್ಣು ಧ್ವನಿ. ಡೆನೀಸ್ ಯಾರ್‌ಬ್ರೋ. ಯಾರಿಗಾದರೂ ಪೆಟ್ಟಾದರೆ ಇಳಿಯಲೆಂದು ಗೆರೆಯಾಚೆ ನಿಲ್ಲುವ ಹೆಚ್ಚುವರಿ ರೆಫರಿ. "'ಎತ್ಕೋ' ಅಂದಿದ್ದು ನಂಗೂ ಕೇಳಿಸ್ತು ಡೆಸ್ಮಂಡ್. ಗಂಡಸಿನ ಧ್ವನಿ. ನೀವೇ ಅಂದ್ಕೊಂಡೆ. ಉಳಿದೋರೆಲ್ಲ ಆಟಗಾರರ ಜಗಳ ಬಿಡಿಸ್ತಿದ್ರು, ಗಮನ ಕೊಟ್ಟಿರಲ್ಲ."

ಹೇವರ್‌ಕ್ಯಾಂಪ್ ಟೋಪಿ ತೆಗೆದ. "ಹಾಗಾದ್ರೆ ಹೇಳಿದ್ದು ಯಾರು?"

ಆಗಿದ್ದಿಷ್ಟು. ಅದು ಅಮೆರಿಕನ್ ಫುಟ್‌ಬಾಲ್ ಲೀಗಿನ ಸೆಮಿಫೈನಲ್; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ, ಫೌಲ್ ಕಂಡರೆ ರೆಫರಿ ಹಳದಿ ಬಟ್ಟೆ ಎಸೆಯುತ್ತಾನೆ, ಎತ್ತಿಕೊಂಡರೆ ಫೌಲ್ ರದ್ದು. ಗೆದ್ದವರು ಫೈನಲ್‌ಗೆ, ಸೋತವರು ಮನೆಗೆ. ಕೊನೆಯ ಗಳಿಗೆಯಲ್ಲಿ ನಾವು ಎದುರಾಳಿ ಒಮಾಹಾ ತಂಡಕ್ಕಿಂತ ತುಸು ಹಿಂದಿದ್ದೆವು. ನಮ್ಮ ಆಟಗಾರ ಅಂಕ ಸಿಗುವ ಗೆರೆಯಾಚೆಯ ಮೂಲೆಗೆ ಓಡಿದ. ಚೆಂಡು ಗಾಳಿಯಲ್ಲಿತ್ತು. ಅದು ಕೈಸೇರುವ ಮೊದಲೇ ಒಮಾಹಾದವನೊಬ್ಬ ಅವನ ತೋಳು ಹಿಡಿದೆಳೆದ. ಚೆಂಡು ನೆಲಕ್ಕೆ ಬಿತ್ತು. ಹತ್ತಿರದಲ್ಲೇ ಇದ್ದ ಟೀಗ್ ಸೊಂಟದಿಂದ ಹಳದಿ ಬಟ್ಟೆ ಕಿತ್ತು ಎಸೆದ. ಫೌಲ್! ಗೆರೆಯ ಬುಡದಲ್ಲಿ ನಮಗೆ ಇನ್ನೊಂದು ಅವಕಾಶ! ಪಕ್ಕದಲ್ಲಿ ಯಾರಿದ್ದಾರೆಂದೂ ನೋಡದೆ ಜನ ತಬ್ಬಿಕೊಂಡರು.

ಟೀಗ್ ಕಿವಿಗೆ ಬೆರಳಿಟ್ಟ. ಒಂದು ಕ್ಷಣ ನಿಂತ. ಬಗ್ಗಿ ಬಟ್ಟೆ ಎತ್ತಿಕೊಂಡ. ಮೈದಾನದ ನಡುವಿಗೆ ಓಡಿಹೋಗಿ ಹೇವರ್‌ಕ್ಯಾಂಪನಿಗೆ ಏನೋ ಹೇಳಿದ. ಹೇವರ್‌ಕ್ಯಾಂಪ್ ಧ್ವನಿವರ್ಧಕದಲ್ಲಿ "ಫೌಲ್ ಇಲ್ಲ" ಎಂದು ಸಾರಿದ. ಆಟ ಮುಗಿಯಿತು. ಒಂದು ತಲೆಮಾರು ಕಾದಿದ್ದ ಫೈನಲ್ ಕೈಜಾರಿತು.

ಈಗ ನೋಡಿದರೆ ಎತ್ತಿಕೋ ಎಂದವನೇ ಇಲ್ಲ!

*

ಮರುದಿನ ಬೆಳಗ್ಗೆ ಲೀಗ್ ಕಚೇರಿ ಇಲೋನಾ ತಕಾಚ್‌ಳನ್ನು ಕಳಿಸಿತು. ಕಳಿಸಿತು ಅನ್ನುವುದೇನು, ಅವಳ ಮನೆ ಇರುವುದೇ ಮಾಮೀ ನದಿಯ ಆಚೆ ದಂಡೆಯ ಹಂಗೇರಿಯನ್ ಕೇರಿಯಲ್ಲಿ. ಪೊಲೀಸ್ ಇಲಾಖೆಯಲ್ಲಿ ನಾವಿಬ್ಬರೂ ಒಂದೇ ಕಾರಿನಲ್ಲಿ ಸುತ್ತಿದವರು. ನಿವೃತ್ತಿಯ ನಂತರ ಅವಳು ಲೀಗಿನ ತನಿಖೆ ನೋಡಿಕೊಳ್ಳುತ್ತಿದ್ದಳು. ಕೂತು ಪ್ರಶ್ನೆ ಕೇಳಿ ಗೊತ್ತಿಲ್ಲದ ಹೆಂಗಸು. ಎದುರಿನವರನ್ನು ಕೂರಿಸಿ ತಾನು ಸುತ್ತ ತಿರುಗುತ್ತಿರುತ್ತಾಳೆ. ಉತ್ತರ ಕೊಡುವವರ ಕುತ್ತಿಗೆ ನೋಯುವುದು ಮಾಮೂಲು.

"ಗಸ್, ನೀನು ಊರಿನ ಪಕ್ಷದವನು. ಬಾಯಿ ಮುಚ್ಕೊಂಡಿರ್ತೀಯಾ ಅಂದ್ರೆ ಜೊತೇಲಿ ಬಾ."

"ಮುಚ್ಕೊಂಡೇ ಇರ್ತೀನಿ. ಆದ್ರೆ ಒಮಾಹಾದವರ ಕೈವಾಡ ಇದ್ರೆ—"

"ನೋಡು, ಆಗ್ಲೇ ತೆರೆದೆ."

ಅವಳ ಫೋನು ಬಡಿದುಕೊಂಡಿತು. ಲೀಗಿನ ಉಪಾಧ್ಯಕ್ಷ ಬ್ರೆಕ್. ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಜೋರು.

"ಸಂಜೆಗೆ ಪತ್ರಿಕಾಗೋಷ್ಠಿ ಇದೆ ಇಲೋನಾ. ನನಗೊಂದು ಹೆಸರು ಬೇಕು. ಟೀಗ್ ಆದ್ರೂ ಸರಿ, ಹೇವರ್‌ಕ್ಯಾಂಪ್ ಆದ್ರೂ ಸರಿ. ಇಬ್ಬರಲ್ಲಿ ಒಬ್ಬ ಸುಳ್ಳ ತಾನೇ?"

"ಇಬ್ಬರೂ ನಿಜ ಹೇಳ್ತಿದ್ರೆ?"

"ಅದು ಹೇಗೆ ಸಾಧ್ಯ? ಟೀಗ್ ಹೆದರ್ಕೊಂಡು ಎತ್ಕೊಂಡಿದಾನೆ, ಈಗ ಕಥೆ ಕಟ್ತಿದಾನೆ. ಅವನನ್ನ ತೆಗೆದ್ರೆ ಜನಕ್ಕೂ ಸಮಾಧಾನ."

"ಪಂದ್ಯ ಮತ್ತೆ ಆಡಿಸ್ತೀರಾ?"

"ಹುಚ್ಚಾ? ಫಲಿತಾಂಶ ಮುಗಿದ ಕಥೆ."

ಅವಳು ಫೋನನ್ನು ಜೇಬಿಗೆ ತುರುಕಿ ನಡೆದಳು. ನಾನು ಹಿಂದೆ ಓಡಿದೆ.

*

ಟೀಗ್‌ನನ್ನು ಹೋಟೆಲಿನಲ್ಲಿ ಬಿಡುವಂತಿರಲಿಲ್ಲ. ಬೆಳಗಿನ ಹೊತ್ತಿಗೆ ಅಲ್ಲಿನ ಗಾಜುಗಳ ಮೇಲೆಲ್ಲ ಕೋಳಿಮೊಟ್ಟೆ. ಹಾಗಾಗಿ ರೆಫರಿಗಳನ್ನೆಲ್ಲ ಕ್ರೀಡಾಂಗಣಕ್ಕೇ ಕರೆತಂದಿದ್ದೆ. ಅವನು ನಿದ್ದೆ ಮಾಡಿದಂತಿರಲಿಲ್ಲ. ಮೇಜಿನ ಮೇಲಿನ ಕಾಫಿ ಕೆನೆಗಟ್ಟಿತ್ತು.

"ಮನೇಲಿ ಹೇಗಿದಾರೆ?" ಇಲೋನಾ ಕೇಳಿದಳು.

"ಹೆಂಡತಿ ಮಕ್ಕಳನ್ನ ಕರ್ಕೊಂಡು ಅವಳ ತಂಗಿ ಮನೆಗೆ ಹೋಗಿದಾಳೆ ಮೇಡಂ. ಯಾರೋ ನಮ್ಮನೆ ವಿಳಾಸ ಇಂಟರ್ನೆಟ್ಟಲ್ಲಿ ಹಾಕ್ಬಿಟ್ಟಿದಾರಂತೆ. ಠಾಣೆಗೆ ಎಡೆಬಿಡದೆ ಫೋನಂತೆ, 'ಬೆಂಕಿ ಬಿದ್ದಿದೆ, ಆ ಕುರುಡನ್ನ ಕಳಿಸ್ಬೇಡಿ' ಅಂತ. ನಿಜವಾಗ್ಲೂ ಬೆಂಕಿ ಬಿದ್ದೋರ ಫೋನ್ ಸಿಗದಿದ್ರೆ?"

"ನಿನಗೆ ಫೌಲ್ ಕಾಣಿಸ್ತಾ?"

"ಬಟ್ಟೆ ಎಸೆದೆನಲ್ಲ."

"ಆಮೇಲೆ?"

"ಕಿವೀಲಿ ಅಪ್ಪಣೆ ಬಂತು. 'ಎತ್ಕೋ, ಅದು ಫೌಲ್ ಅಲ್ಲ.' ಎತ್ಕೊಂಡೆ. ಸರ್ ಹತ್ರ ಓಡಿ 'ಎತ್ಕೊಂಡೆ ಸರ್' ಅಂದೆ. ಅವರು ತಲೆ ಆಡಿಸಿದ್ರು."

"ಹೇವರ್‌ಕ್ಯಾಂಪ್ ಧ್ವನೀನೇ ಅಂತ ಹೇಗೆ ಗೊತ್ತಾಯ್ತು?"

"ಆ ರೇಡಿಯೊದಲ್ಲಿ ಎಲ್ಲರ ಧ್ವನೀನೂ ಡಬ್ಬದೊಳಗಿಂದ ಬಂದ ಹಾಗೇ ಇರತ್ತೆ. ಆದ್ರೆ ಅಪ್ಪಣೆ ಕೊಡೋರು ಅವರೊಬ್ರೇ ತಾನೇ?"

"ಸರಿಯಾಗಿ ಕೇಳಿಸ್ತಾ? ಅಷ್ಟು ಗಲಾಟೇಲಿ?"

"ಚೆನ್ನಾಗಿ! ಒಂದೊಂದು ಅಕ್ಷರಾನೂ. ಚರ್ಚಿನಲ್ಲಿ ಪಕ್ಕದಲ್ಲೇ ಕೂತು ಹೇಳಿದ ಹಾಗೆ. ಅದಕ್ಕೇ ಅನುಮಾನಾನೇ ಬರ್ಲಿಲ್ಲ."

ಅವನ ಹಿಂದೆ ತಿರುಗುತ್ತಿದ್ದ ಇಲೋನಾ ಗಕ್ಕನೆ ನಿಂತಳು. ನಾನು ಕಾದೆ. ಅವಳು ಮುಂದಿನ ಪ್ರಶ್ನೆ ಕೇಳಲಿಲ್ಲ. ಮತ್ತೆ ನಡೆಯತೊಡಗಿದಳು.

*

ಹೇವರ್‌ಕ್ಯಾಂಪ್ ಮಿಷಿಗನ್‌ನ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ತಪ್ಪು ಮಾಡಿದ ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸವಾದ ಮನುಷ್ಯ. ತಾನೇ ಆ ಜಾಗದಲ್ಲಿ ಕೂತದ್ದು ಅವನಿಗೆ ಸಹಿಸಲಾಗುತ್ತಿರಲಿಲ್ಲ.

"ಕೇಳಿ ಮೇಡಂ. ಟೀಗ್ ಓಡಿಬಂದು 'ಎತ್ಕೊಂಡೆ' ಅಂದ. ತಪ್ಪಾಗಿ ಎಸೆದಿದ್ದ, ಮನಸ್ಸು ಬದಲಾಯ್ಸಿದ ಅಂದ್ಕೊಂಡೆ. ಹತ್ತಿರದಿಂದ ನೋಡಿದೋನು ಅವನು. ನಾನು ನಂಬ್ದೆ."

"ವಾದ ಮಾಡ್ಲಿಲ್ಲ?"

"ಅಲ್ಲಿ ವಾದ ಮಾಡೋಕಾಗತ್ತಾ? ಪಕ್ಕದಲ್ಲಿ ನಿಂತೋರ ಮಾತೇ ಕೇಳ್ತಿರ್ಲಿಲ್ಲ. ಆಟ ಪೂರ್ತಿ ರೇಡಿಯೊದಲ್ಲಿ 'ಏನಂದೆ? ಇನ್ನೊಂದ್ಸಲ ಹೇಳು' ಅಂತ ಅರಚಿಕೊಂಡೇ ಕಳೆದ್ವಿ."

"ಡೆನೀಸ್‌ಗೆ ಕೇಳಿಸಿದ ಮಾತು ನಿಮಗ್ಯಾಕೆ ಕೇಳಿಸ್ಲಿಲ್ಲ? ನಿಮ್ಮ ಕಿವೀಲೂ ಅದೇ ರೇಡಿಯೊ ಇತ್ತಲ್ಲ?"

ಅವನ ಮುಖ ಕೆಂಪಾಯಿತು. "ಆಗ್ಲೇ ಜನಕ್ಕೆ ಹೇಳೋ ಮೈಕ್ ಹಾಕಿದ್ದೆ. ಸೊಂಟದಲ್ಲಿ ಗುಂಡಿ ಇದೆ. ಅದು ಒತ್ತಿದ್ರೆ ಕಿವಿಯ ರೇಡಿಯೊ ನಿಂತುಹೋಗತ್ತೆ. ಇಲ್ದಿದ್ರೆ ಪ್ರತಿಧ್ವನಿ ಹೊಡೆಯತ್ತೆ."

"ಮೈಕ್ ಹಾಕಿದ್ದಕ್ಕೆ ಸಾಕ್ಷಿ?"

"ಸಾಕ್ಷಿ... ನನ್ನ ಮಾತು."

"ಸಾಲದು," ಅಂದಳು ಇಲೋನಾ.

ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತು ಕೊಟ್ಟಿದ್ದೆ. ಆದರೂ ತಡೆಯಲಾಗಲಿಲ್ಲ. "ಕೆಮ್ಮು!"

ಇಬ್ಬರೂ ನನ್ನತ್ತ ತಿರುಗಿದರು.

"ಇವರು ಕೆಮ್ಮಿದ್ರು ಇಲೋನಾ. ಟೀಗ್ ಕಿವಿಗೆ ಬೆರಳಿಟ್ನಲ್ಲ, ಆಗ್ಲೇ. ಇಡೀ ಕ್ರೀಡಾಂಗಣಕ್ಕೆ ಕೇಳಿಸ್ತು. ನನ್ನ ಪಕ್ಕದೋನು 'ಗಂಟಲು ಸರಿಮಾಡ್ಕೊಂಡು ಬೇಗ ಬೊಗಳೋ' ಅಂದ."

ಟಿವಿಯವರ ಚಿತ್ರ ತರಿಸಿ ನೋಡಿದೆವು. ನಿಜ. ಬಟ್ಟೆ ಇನ್ನೂ ನೆಲದ ಮೇಲಿದೆ, ಹೇವರ್‌ಕ್ಯಾಂಪ್‌ನ ಕೈ ಸೊಂಟದ ಮೇಲಿದೆ, ಧ್ವನಿವರ್ಧಕದಲ್ಲಿ ಕೆಮ್ಮು. ಆಮೇಲೆ ಟೀಗ್‌ನ ಬೆರಳು ಕಿವಿಗೆ ಹೋಗುತ್ತದೆ.

"ಮೈಕ್ ತೆರೆದಿದ್ದಾಗ ಇವರು 'ಎತ್ಕೋ' ಅಂದಿದ್ರೆ ಊರಿಗೆಲ್ಲ ಕೇಳ್ತಿತ್ತು," ಇಲೋನಾ ನಿಧಾನವಾಗಿ ಹೇಳಿದಳು. "ಹೋಗಿ ಸರ್, ಏನಾದ್ರೂ ತಿನ್ನಿ. ನೀವು ಹೇಳಿಲ್ಲ."

ಆ ಮನುಷ್ಯ ಎದ್ದವನು ಬಾಗಿಲ ಚೌಕಟ್ಟು ಹಿಡಿದು ಒಂದು ಕ್ಷಣ ನಿಂತೇ ಇದ್ದ.

*

"ಹೊರಗಿನೋರು ರೇಡಿಯೊದೊಳಗೆ ನುಗ್ಗಿದಾರೆ," ಮೇಲಕ್ಕೆ ಹೋಗುವ ಲಿಫ್ಟಿನಲ್ಲಿ ನಾನಂದೆ. "ಒಮಾಹಾದೋರು. ವಾಹನ ನಿಲ್ಲಿಸೋ ಜಾಗದಲ್ಲಿ ಕಾರಲ್ಲಿ ಕೂತು—"

"ಆಗಲ್ಲ. ಆ ರೇಡಿಯೊಗಳು ತಮ್ಮತಮ್ಮಲ್ಲೇ ಮಾತಾಡ್ತವೆ. ಬೇರೆ ಯಾವುದೂ ಒಳಗೆ ಸೇರಲ್ಲ. ರೆಫರಿಗಳ ಹತ್ರ, ಡೆನೀಸ್ ಹತ್ರ, ಆಮೇಲೆ ಮೇಲಿನ ಕೋಣೇಲಿ. ಅಷ್ಟೇ. ಒಂದೂ ಕಳೆದಿಲ್ಲ, ನಾನೇ ನೋಡ್ದೆ."

ಮೇಲಿನ ಕೋಣೆ ಅಂದರೆ ಆಡಿದ್ದನ್ನು ಪರದೆಯ ಮೇಲೆ ಮತ್ತೆ ನೋಡಿ ತೀರ್ಮಾನಿಸುವ ಕೋಣೆ. ಮೈದಾನದ ಮೇಲೆ ಬಾಗಿದಂತಿರುವ ದಪ್ಪ ಗಾಜಿನ ಗೂಡು. ಅಲ್ಲಿದ್ದವರು ಇಬ್ಬರು. ಮರುನೋಟದ ರೆಫರಿ ಗ್ಯಾರೆಟ್ ಲಿಂಡ್‌ಕ್ವಿಸ್ಟ್, ಪರದೆಗಳನ್ನು ನಡೆಸುವ ಜೋಲೀನ್ ಎಂಬ ಯುವತಿ.

ಲಿಂಡ್‌ಕ್ವಿಸ್ಟ್‌ನ ಹೆಸರು ಗೊತ್ತಿಲ್ಲದ ಫುಟ್‌ಬಾಲ್ ಪ್ರೇಮಿ ಇಲ್ಲ. ಮಂಡಿ ಕೈಕೊಡುವ ತನಕ ಮೈದಾನದಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಹೇವರ್‌ಕ್ಯಾಂಪ್‌ಗೆ ಕೆಲಸ ಕಲಿಸಿದವನೂ ಅವನೇ. ಕೋಲೂರಿ ಎದ್ದು ನಿಂತು ಕೈಕುಲುಕಿದ. ನನಗೂ.

"ಪಾಪ, ಟೀಗ್ ಹೇಗಿದಾನೆ?" ಮೊದಲ ಮಾತೇ ಅದು.

"ಚೆನ್ನಾಗಿಲ್ಲ. ನೀವು ರೇಡಿಯೊದಲ್ಲಿ ಏನಾದ್ರೂ ಕೇಳಿದ್ರಾ?"

"ಪರದೆ ನೋಡ್ತಿದ್ದೆನಮ್ಮ. ಗಮನ ಕೊಡ್ಲಿಲ್ಲ. ಈ ಥರದ ಫೌಲ್ ಬಗ್ಗೆ ನಾನು ಬಾಯಿ ಹಾಕೋ ಹಾಗೂ ಇಲ್ಲ, ನಿಯಮವೇ ಇಲ್ಲ. ಚೆಂಡು ಗೆರೆ ದಾಟ್ತಾ, ಕಾಲು ಹೊರಗಿತ್ತಾ—ಅಷ್ಟೇ ನನ್ನ ಪಾಲಿಗೆ."

"ನಿಮ್ಮ ಪ್ರಕಾರ ಅದು ಫೌಲಾ?"

ಅವನು ಉತ್ತರಿಸುವ ಬದಲು ಜೋಲೀನ್‌ಗೆ ಸನ್ನೆ ಮಾಡಿದ. ಪರದೆಯ ಮೇಲೆ ಬೇರೊಂದು ಪಂದ್ಯ ಬಂತು. ಹಿಂದಿನ ವಾರದ್ದು, ಟಕ್ಸನ್‌ನಲ್ಲಿ ಆಡಿದ್ದು. ಅದೇ ಥರ ಮೂಲೆಗೆ ಚೆಂಡು, ಅದೇ ಥರ ತೋಳಿಗೆ ಕೈ. ಯಾರೂ ಬಟ್ಟೆ ಎಸೆಯಲಿಲ್ಲ.

"ಅವತ್ತೂ ಮೇಲಿನ ಕೋಣೇಲಿ ನಾನೇ ಇದ್ದೆ. ಆಮೇಲೆ ವಾರವೆಲ್ಲ ಟಿವಿಯೋರು ಇದನ್ನೇ ತೋರ್ಸಿದ್ರು. ಒಂದು ಊರಿಗೆ ಒಂದು ನ್ಯಾಯ, ಇನ್ನೊಂದು ಊರಿಗೆ ಇನ್ನೊಂದು ಅಂತ. ಕುಡುಕರ ಹೋಟೆಲಲ್ಲಿ ಕೂತೋರೂ ನಮಗೆ ಪಾಠ ಹೇಳೋ ಹಾಗಾಯ್ತು."

ಮಾತು ಮುಗಿಸುವಾಗ ಅವನ ದನಿ ಸಣ್ಣಗಾಯಿತು.

ಹೊರಡುವಾಗ ಇಲೋನಾ ಜೋಲೀನ್‌ಳನ್ನು ಹೊರಗೆ ಕರೆದಳು. "ಆ ಹೊತ್ತಲ್ಲಿ ಏನ್ಮಾಡ್ತಿದ್ದೆ?"

"ಟಿವಿಯೋರ ಜೊತೆ ಮಾತಾಡ್ತಿದ್ದೆ ಮೇಡಂ. ಎರಡು ಕಿವೀಗೂ ಹೆಡ್‌ಫೋನು. ಇನ್ನೊಂದು ಕ್ಯಾಮೆರಾದ ಚಿತ್ರ ಬೇಕಿತ್ತು. ಸರ್‌ಗೆ ಬೆನ್ನು ಹಾಕಿ ಕೂತಿದ್ದೆ."

"ಯಾವೂರು ನಿಂದು?"

ಅವಳು ತಡೆದಳು. "...ಒಮಾಹಾ."

ನಾನು ಇಲೋನಾಳನ್ನು ಲಿಫ್ಟಿಗೆ ಎಳೆದೆ. ಲಿಫ್ಟಿನ ಬಾಗಿಲು ಮುಚ್ಚುವುದಕ್ಕೂ ಕಾಯಲಿಲ್ಲ. "ಸಿಕ್ಕಿದ್ಲು! ಇನ್ನೇನು ಬೇಕು ನಿನಗೆ?"

"ಟೀಗ್‌ಗೂ ಡೆನೀಸ್‌ಗೂ ಕೇಳಿಸಿದ್ದು ಗಂಡಸಿನ ಧ್ವನಿ ಗಸ್."

"ಯಾರನ್ನೋ ಬಿಟ್ಟು ಹೇಳ್ಸಿರ್ಬೋದು!"

"ಯಾರನ್ನ? ಇಲ್ಲಿಗೆ ಯಾರೂ ಬರದ ಹಾಗೆ ಬಾಗಿಲು ಕಾದಿದ್ದು ನಿನ್ನ ಆಳುಗಳೇ ಅಲ್ವಾ?"

ಹೌದು. ನನ್ನ ಆಳುಗಳೇ. ನಾನು ಸಿಟ್ಟಿನಿಂದ ಲಿಫ್ಟಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ.

*

"ಅಭ್ಯಾಸದ ಹೊತ್ತಲ್ಲಿ ನಿಮ್ಮೋರು ಜನರ ಗದ್ದಲದ ಸದ್ದು ಹಾಕ್ತಾರಲ್ಲ, ಅದನ್ನ ಹಾಕಿಸು," ಅಂದಳು ಇಲೋನಾ. "ಪೂರ್ತಿ ಜೋರಾಗಿ."

ಖಾಲಿ ಕ್ರೀಡಾಂಗಣದಲ್ಲಿ ಸದ್ದು ಎದ್ದಿತು. ಸಾವಿರಾರು ಕುರ್ಚಿಗಳ ಮೇಲೆ ಹಿಮ ಬಿಟ್ಟರೆ ಯಾರೂ ಇಲ್ಲ. ಆದರೂ ಕಿವಿ ಹರಿದುಹೋಗುವಂಥ ಗರ್ಜನೆ. ಬೇಲಿಯಾಚೆ ಇನ್ನೂ ನಿಂತಿದ್ದ ಜನ ಬೆಚ್ಚಿ ಇತ್ತ ನೋಡಿದರು.

ಇಲೋನಾ ಟೀಗ್ ನಿಂತಿದ್ದ ಮೂಲೆಯಲ್ಲಿ ನಿಂತಳು, ಕಿವಿಗೆ ರೇಡಿಯೊ ಸಿಕ್ಕಿಸಿಕೊಂಡು. ನಾನು ಇನ್ನೊಂದು ರೇಡಿಯೊ ಹಿಡಿದು ಮೈದಾನದ ನಡುವಿಗೆ ಹೋದೆ. ಗುಂಡಿ ಒತ್ತಿ ಹೇಳಿದೆ. ಅವಳು ತಲೆಯಾಡಿಸಿದಳು, ಕೇಳಿಸಲಿಲ್ಲ ಎಂದು. ಕೂಗಿದೆ. ಕೈ ಬೀಸಿದಳು, ಇನ್ನೊಮ್ಮೆ ಎಂದು. ಡೆನೀಸ್ ನಿಂತಿದ್ದ ಕಡೆ ಹೋಗಿ ಅರಚಿದೆ. ಅದೇ ಕಥೆ.

ಆಮೇಲೆ ನನ್ನನ್ನು ಬೇರೊಂದು ಜಾಗಕ್ಕೆ ಕಳಿಸಿದಳು. ಅಲ್ಲಿಂದ ಮಾಮೂಲು ದನಿಯಲ್ಲಿ ಹೇಳಿದೆ, ಮನೆಯಲ್ಲಿ ಹೆಂಡತಿಗೆ ಉಪ್ಪು ಕೇಳುವ ಹಾಗೆ.

ಕೆಳಗೆ ಇಲೋನಾ ಬೆರಳನ್ನು ಕಿವಿಗಿಟ್ಟು ಅಲುಗದೆ ನಿಂತಳು. ಆ ದಿನ ಅವಳು ಹಾಗೆ ಗಕ್ಕನೆ ನಿಂತದ್ದು ಅದು ಎರಡನೆಯ ಸಲ.

*

ರೆಫರಿಗಳ ಕೋಣೆಗೆ ಎಲ್ಲರನ್ನೂ ಕರೆಸಿದಳು. ಹೇವರ್‌ಕ್ಯಾಂಪ್, ಟೀಗ್, ಡೆನೀಸ್, ಜೋಲೀನ್, ಲಿಂಡ್‌ಕ್ವಿಸ್ಟ್. ಬ್ರೆಕ್‌ನ ಫೋನು ಬರುತ್ತಲೇ ಇತ್ತು, ಅವಳು ಎತ್ತಲಿಲ್ಲ. ಟೀಗ್ ಬಾಗಿಲ ಬಳಿ ನಿಂತೇ ಇದ್ದ. ಹೊಡೆತಕ್ಕೆ ಕಾದವನ ಹಾಗೆ ಭುಜ ಕುಗ್ಗಿಸಿಕೊಂಡಿದ್ದ.

"ಟೀಗ್ ಒಂದು ಮಾತು ಹೇಳಿದ," ಇಲೋನಾ ತಿರುಗುತ್ತಲೇ ಶುರುಮಾಡಿದಳು. "ಅವನೂ ಅದಕ್ಕೆ ಬೆಲೆ ಕೊಡ್ಲಿಲ್ಲ, ಕೇಳಿಸ್ಕೊಂಡ ಗಸ್ಸೂ ಕೊಡ್ಲಿಲ್ಲ. ಅಪ್ಪಣೆ ಚೆನ್ನಾಗಿ ಕೇಳಿಸ್ತಂತೆ. ಒಂದೊಂದು ಅಕ್ಷರಾನೂ. ಡೆನೀಸ್, ನಿಮಗೆ?"

"ನಂಗೂ ಸ್ಪಷ್ಟವಾಗೇ ಕೇಳ್ತು."

"ಆಟದಲ್ಲಿ ಬೇರೆ ಯಾವ ಮಾತಾದ್ರೂ ಹಾಗೆ ಕೇಳಿಸಿತ್ತಾ?"

ಡೆನೀಸ್ ತಲೆಯಾಡಿಸಿದಳು. "...ಇಲ್ಲ."

"ಕೇಳಿಸಲ್ಲ. ಮೈದಾನದಲ್ಲಿ ಯಾರೇ ಗುಂಡಿ ಒತ್ತಿದ್ರೂ ಅವರ ಮಾತಿನ ಜೊತೆ ಜನರ ಗದ್ದಲಾನೂ ಒಳಗೆ ಹೋಗತ್ತೆ. ಅದಕ್ಕೇ ನೀವೆಲ್ಲ 'ಇನ್ನೊಂದ್ಸಲ ಹೇಳು' ಅಂತ ಅರಚ್ತಿದ್ದಿದ್ದು. ಈಗ ಪರೀಕ್ಷೆ ಮಾಡಿ ನೋಡ್ದೆ. ಆ 'ಎತ್ಕೋ'ದಲ್ಲಿ ಗದ್ದಲ ಇರ್ಲಿಲ್ಲ. ಹೇಳಿದೋನ ಸುತ್ತ ಸದ್ದೇ ಇರ್ಲಿಲ್ಲ. ಅಂಥ ಜಾಗ ಇಲ್ಲಿ ಒಂದೇ. ಗಸ್, ಕೊನೇಲಿ ಎಲ್ಲಿಂದ ಮಾತಾಡ್ದೆ?"

"ಮೇಲಿನ ಗಾಜಿನ ಕೋಣೆಯಿಂದ," ಅಂದೆ.

"ಅಲ್ಲಿದ್ದೋರು ಇಬ್ರು. ಧ್ವನಿ ಗಂಡಸಿಂದು."

ಯಾರೂ ಲಿಂಡ್‌ಕ್ವಿಸ್ಟ್‌ನತ್ತ ನೋಡಲಿಲ್ಲ. ನೋಡಲು ನಾಚಿಕೆಯಾದಂತೆ ಎಲ್ಲರೂ ನೆಲ ನೋಡಿದರು. ಹೇವರ್‌ಕ್ಯಾಂಪ್ ಮಾತ್ರ ನೇರ ಅವನ ಮುಖವನ್ನೇ ನೋಡಿದ.

"ಗ್ಯಾರೆಟ್? ಇಲ್ಲ ಅನ್ನಿ."

ಮುದುಕ ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ.

"ಇವರು ಹೇಳಲ್ಲ ಅಂದ್ರೆ ನಾನೇ ಹೇಳ್ತೀನಿ," ಇಲೋನಾ ಅಂದಳು. "ಇವರು ಆ ಗಳಿಗೇಗೆ ಕಾದ್ರು. ಡೆಸ್ಮಂಡ್, ನಿಮ್ಮ ಕೈ ಸೊಂಟಕ್ಕೆ ಹೋಗಿದ್ದು ಮೇಲಿಂದ ಕಾಣ್ತಿತ್ತು. ನಿಮ್ಮ ಕಿವಿ ಮುಚ್ಚಿದೆ ಅಂತ ಗೊತ್ತಾಗೋವರೆಗೂ ಬಾಯಿ ಬಿಡ್ಲಿಲ್ಲ. ಯಾಕೆ? ಎಷ್ಟೇ ಡಬ್ಬದ ಧ್ವನಿ ಆಗ್ಲಿ, ಕೆಲಸ ಕಲಿಸಿದೋರ ದನಿ ನಿಮಗೆ ಗುರುತು ಸಿಗ್ತಿತ್ತು. ಟೀಗ್, ಡೆನೀಸ್ ಇಬ್ರೂ ಇವರ ಜೊತೆ ಯಾವತ್ತೂ ಕೆಲಸ ಮಾಡ್ದೋರಲ್ಲ."

"ಎಷ್ಟು ಕೊಟ್ರು ಒಮಾಹಾದೋರು?" ನಾನು ಕೂಗಿಬಿಟ್ಟೆ.

ಲಿಂಡ್‌ಕ್ವಿಸ್ಟ್ ಥಟ್ಟನೆ ತಲೆಯೆತ್ತಿದ. ಆ ಮಾತು ಅವನಿಗೆ ಕೆನ್ನೆಗೆ ಹೊಡೆದಂತಾಗಿತ್ತು. "ಹಾಗನ್ಬೇಡಪ್ಪ. ನನಗೆ ಒಮಾಹಾ ಆದ್ರೇನು, ಟೊಲಿಡೊ ಆದ್ರೇನು? ಯಾರು ಗೆಲ್ತಿದಾರೆ ಅಂತಾನೂ ನಾನು ನೋಡ್ಲಿಲ್ಲ."

"ಮತ್ಯಾಕೆ?"

"ಹೋದ ವಾರ ಅದನ್ನ ಬಿಟ್ವಿ!" ಅವನ ಕೋಲು ನೆಲಕ್ಕೆ ಬಡಿಯಿತು. "ಹೋದ ವಾರ ಫೌಲ್ ಅಲ್ಲದ್ದು ಈ ವಾರ ಹೇಗೆ ಫೌಲ್ ಆಗತ್ತೆ? ಇವನು ಬಟ್ಟೆ ಎಸೆದಾಗ ನನಗೆ ಕಂಡಿದ್ದು ಅದೊಂದೇ. ಮತ್ತೆ ವಾರವೆಲ್ಲ ಎರಡೂ ಚಿತ್ರ ಪಕ್ಕಪಕ್ಕ ಹಾಕಿ ತೋರಿಸ್ತಾರೆ. ರೆಫರಿಗಳಿಗೆ ನೀತಿ ಇಲ್ಲ, ನಿಯತ್ತಿಲ್ಲ ಅಂತಾರೆ. ನಾನು ಜೀವನವಿಡೀ ಕಾಪಾಡ್ಕೊಂಡು ಬಂದಿದ್ದು ಅದನ್ನೇ ಅಲ್ವಾ? ಎಲ್ಲರಿಗೂ ಒಂದೇ ಅಳತೆ. ತಪ್ಪೋ ಸರಿಯೋ, ಒಂದೇ ಅಳತೆ ಇರ್ಬೇಕು."

"ಹೋದ ವಾರದ್ದು ಸರಿ ಇತ್ತಾ?" ಇಲೋನಾ ಕೇಳಿದಳು.

ಅವನು ಮತ್ತೆ ಕೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದ. "ಇಲ್ಲ."

"ಅಂದ್ರೆ ಹೋದ ವಾರದ ತಪ್ಪನ್ನ ಈ ವಾರ ಕಾನೂನು ಮಾಡಿದ್ರಿ. ಮಾಡಿ, ಈತನ ಹೆಗಲಿಗೆ ಹಾಕಿ ಸುಮ್ನೆ ಕೂತ್ರಿ."

"ಬೆಳಗ್ಗೆ ಹೇಳ್ಬೇಕು ಅಂತಲೇ ಎದ್ದೆ," ಅಂದ ಲಿಂಡ್‌ಕ್ವಿಸ್ಟ್. ಟೀಗ್‌ನತ್ತ ತಿರುಗಲು ನೋಡಿದ, ಆಗಲಿಲ್ಲ. "ನೀವು ಬಂದಾಗ ಬಾಯಿಗೆ ಬಂತು. ಆಮೇಲೆ... ಹೆಸರಿನ ಆಸೆ ನೋಡು. ಬಿಡ್ಲಿಲ್ಲ."

ಹೇವರ್‌ಕ್ಯಾಂಪ್ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಡೆನೀಸ್ ಲಿಂಡ್‌ಕ್ವಿಸ್ಟ್‌ಗೆ ನೀರು ಕೊಟ್ಟಳು. ಅವನು ಕುಡಿಯಲಿಲ್ಲ. ಒಮಾಹಾದವರ ಕೈವಾಡ ಹುಡುಕಲು ಹೊರಟಿದ್ದ ನನಗೆ ಬಯ್ಯಲು ಯಾರೂ ಉಳಿದಿರಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಇಲೋನಾ ಕೊನೆಗೂ ಫೋನು ಎತ್ತಿದಳು. "ಬ್ರೆಕ್, ಹೆಸರು ಬರ್ಕೊಳ್ಳಿ. ನೀವು ಹೇಳಿದ ಎರಡೂ ಅಲ್ಲ."

*

ಸುದ್ದಿ ಇನ್ನೂ ಹೊರಬಿದ್ದಿರಲಿಲ್ಲ. ಟೀಗ್‌ನನ್ನು ವಿಮಾನ ನಿಲ್ದಾಣಕ್ಕೆ ಬಿಡುವುದು ನನ್ನ ಪಾಲಿಗೆ ಬಂತು. ಹಿಂದಿನ ಸುರಂಗದ ದಾರಿಯಲ್ಲಿ ಕಾರು ತರಿಸಿದ್ದೆ.

"ಮುಂದಿನ ಬಾಗಿಲಿಂದ ಹೋಗೋಣ," ಅಂದ ಅವನು.

"ತಲೆ ಕೆಟ್ಟಿದೆಯೇನಪ್ಪ? ಜನ ಇದಾರೆ."

"ಗೊತ್ತು."

"ಸಂಜೆ ಎಲ್ಲ ಗೊತ್ತಾಗತ್ತೆ ಅವರಿಗೆ. ನಿನ್ನ ತಪ್ಪೇನೂ ಇಲ್ಲ ಅಂತ ಲೀಗಿನೋರೇ ಹೇಳ್ತಾರೆ. ಅಲ್ಲೀವರೆಗೂ ತಾಳ್ಕೋ."

ಟೀಗ್ ಚೀಲವನ್ನು ಹೆಗಲಿಗೇರಿಸಿದ. "ನನ್ನ ತಪ್ಪಿಲ್ವಾ? ಆ ತೋಳು ಎಳೆದಿದ್ದನ್ನ ನಾನು ಕಣ್ಣಾರೆ ನೋಡ್ದೆ ಸರ್. ನೀವು ನಿಂತಿರೋದಕ್ಕಿಂತ ಹತ್ತಿರದಿಂದ. ಆದ್ರೂ ಯಾರೋ ಕಿವೀಲಿ ಹೇಳಿದ್ರು ಅಂತ ಎತ್ಕೊಂಡೆ."

ಕಾರನ್ನು ಬೇಲಿಯಾಚೆಯ ರಸ್ತೆಗೆ ತರಿಸಿದೆ. ಮುಂದಿನ ಬಾಗಿಲು ತೆಗೆಸಿದೆ.

ಚಳಿಯಲ್ಲಿ ಉಸಿರು ಹೊಗೆಯಾಡುತ್ತಿದ್ದ ಜನ. ಅವನನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಆಮೇಲೆ ಶುರುವಾಯಿತು.

"ಬಂದ ನೋಡ್ರೋ ಕುರುಡ!"

"ಕನ್ನಡಕ ಕೊಡಿಸ್ರೋ ಯಾರಾದ್ರೂ!"

"ದಾರಿ ತೋರ್ಸೋ ನಾಯಿ ಹಿಡ್ಕೊಂಡು ಬರ್ಬೇಕಿತ್ತು ಮೈದಾನಕ್ಕೆ!"

ನನ್ನ ಆಳುಗಳು ಅವನ ಸುತ್ತ ನಿಂತರು. ಅವನು ಅವರನ್ನು ಸರಿಸಿ ಬೇಲಿಯ ಹತ್ತಿರ ಹೋದ. ಎದುರಿಗೆ ನೀಲಿ ಮಫ್ಲರಿನ ಒಬ್ಬ ಹಿರಿಯ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು.

"ಅದು ಫೌಲ್," ಟೀಗ್ ಹೇಳಿದ. ಜೋರಾಗಿ ಅಲ್ಲ. "ನಾನು ನೋಡ್ದೆ. ಅದು ಫೌಲೇ."

ಹತ್ತಿರದವರು ಸುಮ್ಮನಾದರು. ದೂರದವರು ಏನಂದ, ಏನಂದ ಎಂದು ಒಬ್ಬರನ್ನೊಬ್ಬರು ಕೇಳಿದರು. ಹಿರಿಯ ಬೇಲಿಯ ಕಂಬಿ ಹಿಡಿದು ಅವನನ್ನೇ ದಿಟ್ಟಿಸಿದ.

"ಈಗ ಹೇಳ್ತಿದೀಯಾ?" ಅಂದ. "ಇದನ್ನ ನಿನ್ನೆ ಹೇಳ್ಬೇಕಿತ್ತು."

"ಹೌದು," ಅಂದ ಟೀಗ್. "ನಿನ್ನೆ ಹೇಳ್ಬೇಕಿತ್ತು."

ಹಿರಿಯ ಮತ್ತೆ ಬಯ್ಯಲಿಲ್ಲ. ಕಂಬಿಯಿಂದ ಕೈ ತೆಗೆದು, ಪಕ್ಕದವರನ್ನು ಮೊಣಕೈಯಿಂದ ತಿವಿದು ಸ್ವಲ್ಪ ಹಿಂದೆ ಸರಿಸಿದ. ಬೇಲಿಯ ಗೇಟು ತೆಗೆಸಿ, ಆ ಸಂದಿಯಲ್ಲಿ ನಾವು ಕಾರಿನವರೆಗೆ ನಡೆದೆವು.